ಮಕ್ಕಳ ಸಾಹಿತಿಯ ಮನೆಯಲ್ಲಿ ಮಕ್ಕಳು ಗದ್ದಲ ಮಾಡಬಾರದು

ಹಾನಗಲ್ಲಿನಲ್ಲಿ ನನಗೆ ಶಾಲು ಹೊದಿಸಿದ ಮರುದಿನದಿಂದ ನಮ್ಮ ಮನೆಯಲ್ಲಿ ನಾನು ರೊಟ್ಟಿ ಬಡಿಯುವುದು ನಿಂತುಹೋಯಿತು. ನಿಂತಿತು ಎನ್ನುವುದಕ್ಕಿಂತ ನಿಲ್ಲಿಸಲಾಯಿತು ಎನ್ನಬೇಕು. ಒಂದು ಶಾಲಿನಿಂದ ಇಷ್ಟೆಲ್ಲ ಆಗುತ್ತದೆಂದು ಮೊದಲೇ ಗೊತ್ತಿದ್ದರೆ ಹಣ್ಣಿನ ಬುಟ್ಟಿಯನ್ನಷ್ಟೇ ತೆಗೆದುಕೊಂಡು, ಶಾಲನ್ನು ಅಲ್ಲಿಯೇ ಕುರ್ಚಿಯ ಮೇಲೆ ಮರೆತು ಬರುತ್ತಿದ್ದೆ.

ನಾನು ಮಕ್ಕಳಿಗೆ ಕಥೆ ಬರೆಯುವವಳು. ಹಾಗೆಂದು ಹೇಳಿಕೊಳ್ಳಲು ಈಗಲೂ ನಾಲಿಗೆ ತಡವರಿಸುತ್ತದೆ. ಶಿಗ್ಗಾಂವಿಯ ಕಾಳಿನ ವ್ಯಾಪಾರಸ್ಥರ ಮನೆಗೆ ಸೊಸೆಯಾಗಿ ಬಂದವಳು, ಈಗ ನಾನೇ ಅತ್ತೆ. ಬೆಳಿಗ್ಗೆ ಎದ್ದು ಲಿಂಗಪೂಜೆ, ಪೂಜೆಯಾದ ಮೇಲೆ ರೊಟ್ಟಿ, ಎಲ್ಲರ ಊಟ ಮುಗಿದು ಪಾತ್ರೆ ಬೋರಲು ಬಿದ್ದ ಮೇಲೆ ಒಂದಿಷ್ಟು ಬರವಣಿಗೆ. ಕಾಗೆ, ಬೆಕ್ಕು, ಸೊಕ್ಕಿನ ಮೆಣಸಿನಕಾಯಿ, ಸಂತೆಯಲ್ಲಿ ಕಳೆದುಹೋದ ಕುರಿಮರಿ, ಇಂಥವರ ಸಂಗತಿಗಳು. ಶಿವ ಕೊಟ್ಟ, ಬರೆದೆ. ಹಿರೇಕೆರೂರಿನ ಒಬ್ಬ ಪ್ರಕಾಶಕರು ಅದನ್ನು ಪುಸ್ತಕ ಮಾಡಿದರು. ನಮ್ಮ ಯಜಮಾನರು ಆ ಪುಸ್ತಕವನ್ನು ಕೈಯಲ್ಲಿ ತೂಗಿ ನೋಡಿ, ‘ಕಾಗದ ಛಲೋ ಹಾಕ್ಯಾರ’ ಎಂದರು. ಅವರು ಓದಲಿಲ್ಲ. ಕೆಟ್ಟದ್ದನ್ನೂ ಹೇಳಲಿಲ್ಲವಲ್ಲ, ಅದೇ ದೊಡ್ಡದು.

ಕಥೆ ಹೇಗೆ ಹುಟ್ಟುತ್ತದೆಂದು ಯಾರಾದರೂ ಕೇಳಿದರೆ ನಾನು ಹೇಳುವುದಿಲ್ಲ, ಹೇಳಿದರೆ ನಗುತ್ತಾರೆ. ಅದು ಹುಟ್ಟುತ್ತಿದ್ದುದು ಒಲೆಯ ಮುಂದೆ. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ, ಹಲಗೆಯ ಮೇಲೆ ಮುದ್ದೆ ಇಟ್ಟು ಅಂಗೈಯಿಂದ ಬಡಿಯತೊಡಗಿದರೆ ಒಂದು ಲಯ ಬರುತ್ತದೆ. ಆ ಲಯಕ್ಕೆ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಪಕ್ಕದಲ್ಲಿ ಮೊಮ್ಮಗಳು ಕೂತಿರುತ್ತಿದ್ದಳು, ಶಾಲೆಯಲ್ಲಿ ಎರಡನೇ ಇಯತ್ತೆ ಓದುವವಳು. ಅವಳಿಗೆ ನಿಂಬೆಹಣ್ಣಿನಷ್ಟು ಹಿಟ್ಟು ಕೊಟ್ಟುಬಿಟ್ಟರೆ ಅದನ್ನು ತಟ್ಟುತ್ತ, ಮುರಿಯುತ್ತ, ಮತ್ತೆ ತಟ್ಟುತ್ತ ಕಥೆ ಕೇಳುವಳು. ಸುಮ್ಮನೆ ಕೇಳುವ ಜಾತಿಯಲ್ಲ. ನಮ್ಮ ಕಡೆ ಅಜ್ಜಿಗೆ ಅಮ್ಮ ಎನ್ನುವ ರೂಢಿ.

‘ಅಮ್ಮಾ, ಕಾಗಿಗೆ ಹಸಿವಾಗಿತ್ತು ಅಂದ್ರ ಅದು ಸುಮ್ನ ಯಾಕ ಕುಂತಿತ್ತು?’

‘ವಿಚಾರ ಮಾಡಾಕತ್ತಿತ್ತವಾ.’

‘ಸುಳ್ಳ ಹೇಳ್ತಿ ನೀ. ಹಸಿವಾದ್ರ ಯಾರೂ ವಿಚಾರ ಮಾಡೂದಿಲ್ಲ. ಕದೀತಾರ.’

ಹಾಗಾಗಿ ಆ ಕಾಗೆ ಕದ್ದಿತು. ಆ ಕಥೆಯಿದ್ದ ಪುಸ್ತಕಕ್ಕೇ ಹಾನಗಲ್ಲಿನವರು ಶಾಲು ಹೊದಿಸಿದ್ದು. ಮಕ್ಕಳಲ್ಲಿ ಮೌಲ್ಯಗಳನ್ನು ಬಿತ್ತುವ ಪುಸ್ತಕ ಎಂದು ಹೊಗಳಿದರು. ನಾನು ತಲೆ ಬಗ್ಗಿಸಿ ಕುಳಿತಿದ್ದೆ.

ನನ್ನ ಕಥೆಗೆ ಒಂದೇ ಪರೀಕ್ಷೆ ಇತ್ತು. ನಡುವೆ ನಾನು ಉಸಿರು ತೆಗೆದುಕೊಂಡಾಗ ಹುಡುಗಿ ‘ಮುಂದ?’ ಎಂದರೆ ಕಥೆಗೆ ಜೀವವಿದೆ. ‘ಉಪ್ಪಿನಕಾಯಿ ಕೊಡು’ ಎಂದರೆ ಕಥೆ ಸತ್ತಿತು. ಸತ್ತದ್ದನ್ನು ನಾನು ಬರೆಯುತ್ತಲೇ ಇರಲಿಲ್ಲ. ಸಾಹಿತ್ಯದಲ್ಲಿ ವಿಮರ್ಶೆ ಇಲ್ಲ ಎಂದು ದೊಡ್ಡವರು ಕೊರಗುವುದನ್ನು ಕೇಳಿದ್ದೇನೆ. ನನಗೆ ಆ ಕೊರತೆ ಬರಲಿಲ್ಲ.

ಹಾನಗಲ್ಲಿನ ಸಮಾರಂಭಕ್ಕೆ ನಮ್ಮ ಮನೆಯವರೆಲ್ಲ ಹೋಗಿದ್ದೆವು. ಸೊಸೆಯ ತವರು ಅದೇ ಊರು, ಆದ್ದರಿಂದ ಬೀಗರೂ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಭಾಷಣ ಮಾಡಿದ ಹಿರಿಯರೊಬ್ಬರು ಬಿಸಿಯೇರಿ ಹೇಳಿದರು: ‘ಇಂಥ ಪ್ರತಿಭೆ ಇಂದಿಗೂ ಒಲೆಯ ಮುಂದೆ ಬೇಯುತ್ತಿರುವುದು ನಮ್ಮ ಸಮಾಜದ ದುರಂತ. ಇವರಿಗೆ ಬರೆಯಲು ಒಂದು ಕೋಣೆ ಬೇಡವೆ? ಒಂದಿಷ್ಟು ಮೌನ ಬೇಡವೆ? ಮನೆಯವರು ಯೋಚಿಸಬೇಕು.’ ಜನ ಚಪ್ಪಾಳೆ ತಟ್ಟಿದರು. ನಮ್ಮ ಯಜಮಾನರೂ ತಟ್ಟಿದರು. ಎಲ್ಲರ ಮುಖ ತಮ್ಮ ಕಡೆಗೇ ತಿರುಗಿದೆ ಎಂದು ತಿಳಿದ ಮೇಲೆ ಕೈಗಳು ಅಲ್ಲಿಯೇ ನಿಂತವು.

ಮರಳಿ ಬರುವಾಗ ಕಾರಿನಲ್ಲಿ ಯಜಮಾನರು ಕೇಳಿದರು.

‘ನಾ ಏನ ನಿನ್ನ ಒಲಿಯೊಳಗ ಹಾಕಿ ಬೇಯಿಸೇನೇನು?’

‘ಇಲ್ರಿ.’

‘ಮತ್ತ ಅಂವಾ ಯಾಕ ಹಂಗ ಅಂದ?’

‘ಮಾತಿಗೆ ಅಂದಿರ್ತಾರ್ರಿ. ಕೈಯಾಗ ಮೈಕ್ ಇತ್ತಲ್ಲ.’

‘ಬೀಗರ ಮುಂದ ಅಂದ. ಅನ್ನೂದ ಅಂದ್ರ ಅಂದ, ಬೀಗರ ಮುಂದ!’

ಹಿಂದೆ ಕುಳಿತಿದ್ದ ಸೊಸೆ ಕಿಟಕಿಯ ಹೊರಗೆ ಭತ್ತದ ಗದ್ದೆಗಳನ್ನು ಈವರೆಗೆ ಕಂಡೇ ಇಲ್ಲವೆಂಬಂತೆ ನೋಡುತ್ತಿದ್ದಳು. ಮಾನ ಹೋದದ್ದು ನನ್ನದೋ ಅವರದೋ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಗಂಡಸರು ಒಳ್ಳೆಯದನ್ನು ಮಾಡಲು ಹೊರಟಾಗ ಅಡ್ಡ ಮಾತನಾಡಬಾರದು. ಅದು ಅವರಿಗೆ ಪದೇ ಪದೇ ಬರುವ ಬುದ್ಧಿಯಲ್ಲ.

ಮರುದಿನ ಬೆಳಗಾಗುವುದರೊಳಗೆ ಜೋಳದ ಚೀಲ ಇಡುವ ಕೋಣೆ ಖಾಲಿಯಾಗತೊಡಗಿತು. ಚೀಲಗಳು ಪಡಸಾಲೆಗೆ ಬಂದವು, ಪಡಸಾಲೆಯಲ್ಲಿ ಕೂರುವವರು ಕಟ್ಟೆಗೆ ಹೋದರು. ಸವಣೂರಿನಿಂದ ಟೇಬಲ್ ಬಂತು, ಗುಂಯ್ ಎಂದು ತಿರುಗುವ ಕುರ್ಚಿ ಬಂತು. ಇಷ್ಟಕ್ಕೇ ನಿಲ್ಲಲಿಲ್ಲ. ಅಂಗಡಿಗಳ ಬೋರ್ಡು ಬರೆಯುವವನಿಂದ ಒಂದು ಹಲಗೆ ಬರೆಸಿ ಬೀದಿಬಾಗಿಲಿಗೆ ತೂಗುಹಾಕಿದರು: ‘ಸಾಹಿತಿಗಳು ಬರೆಯುತ್ತಿದ್ದಾರೆ. ಮಕ್ಕಳು ಗದ್ದಲ ಮಾಡಬಾರದು.’ ಮದುವೆ ಮನೆಗಳ ಬೋರ್ಡು ಬರೆದು ರೂಢಿಯಿದ್ದ ಅವನು ಎರಡು ಬದಿಗೆ ಎರಡು ಗಿಳಿಗಳನ್ನು ಪುಕ್ಕಟೆ ಬಿಡಿಸಿಕೊಟ್ಟಿದ್ದ. ದೂರದಿಂದ ಗಿಳಿಯನ್ನು ಮಾತ್ರ ಕಂಡ ಯಾರೋ ಒಬ್ಬರು ಒಳಗೆ ಬಂದು, ‘ಯಾರ ಲಗ್ನಾರಿ?’ ಎಂದು ವಿಚಾರಿಸಿಕೊಂಡು ಹೋದರು.

ನಮ್ಮ ಓಣಿಯ ಮಕ್ಕಳು ನಮ್ಮ ಕಟ್ಟೆಯ ಮೇಲೇ ಬೆಳೆದವರು. ಅವರಿಗೆ ಓದು ಬರುತ್ತದೆ. ಬೋರ್ಡು ಓದಿದರು, ಹೋದರು. ನಾನು ಬರೆದದ್ದರಲ್ಲಿ ಅವರು ಇಷ್ಟು ಶ್ರದ್ಧೆಯಿಂದ ಓದಿ ಪಾಲಿಸಿದ್ದು ಯಾವುದೂ ಇಲ್ಲ. ಇದಂತೂ ನಾನು ಬರೆದದ್ದೇ ಅಲ್ಲ.

ಅಡುಗೆಮನೆ ಸೊಸೆಯ ಕೈಗೆ ಹೋಯಿತು. ಅವಳು ಹಾನಗಲ್ಲಿನ ಅಕ್ಕಿಯ ಸೀಮೆಯವಳು. ಸಾರು, ಪಲ್ಯ, ಹುಗ್ಗಿ, ಯಾವುದನ್ನೇ ಕೊಡಿ, ಉಂಡವರು ಬೆರಳು ನೆಕ್ಕುವ ಹಾಗೆ ಮಾಡುತ್ತಾಳೆ. ಜೋಳದ ರೊಟ್ಟಿ ಮಾತ್ರ ಅವಳ ಅಂಗೈಯನ್ನು ನಂಬುವುದಿಲ್ಲ. ಹಾಗಾಗಿ ರೊಟ್ಟಿ ಮಾರುವವರ ಮನೆಯಿಂದ ದಿನವೂ ರೊಟ್ಟಿ ಬರತೊಡಗಿತು. ತೆಳ್ಳಗೆ, ದುಂಡಗೆ, ಎಲ್ಲವೂ ಒಂದೇ ಅಚ್ಚಿನವು. ಕಾಳಿನ ವ್ಯಾಪಾರಸ್ಥರ ಮನೆಗೆ ಹೊರಗಿನಿಂದ ರೊಟ್ಟಿ! ನಮ್ಮ ಅತ್ತೆಯವರು ಇದನ್ನು ನೋಡುವ ಮೊದಲೇ ಶಿವನ ಪಾದ ಸೇರಿದ್ದು ಅವರ ಪುಣ್ಯ, ನನ್ನ ಪುಣ್ಯವೂ ಹೌದು.

ಇನ್ನು ಯಜಮಾನರ ಮರ್ಯಾದೆ. ಮದುವೆಯಾದಾಗಿನಿಂದ ನನ್ನನ್ನು ‘ಅಕಿ’ ಎನ್ನುತ್ತಿದ್ದವರು. ಈಗ ಯಾರಾದರೂ ಬಾಗಿಲಿಗೆ ಬಂದರೆ, ‘ಅವ್ರು ಬರಿಯಾಕತ್ತಾರ್ರಿ, ಈಗ ಭೆಟ್ಟಿ ಆಗೂದಿಲ್ಲ’ ಎಂದು ಹೇಳಿ, ಸವಣೂರ ಖಾರಾ ಮತ್ತು ಚಹಾ ಕೊಟ್ಟು ಕಳಿಸುತ್ತಿದ್ದರು. ಮೊದಲ ಸಲ ಈ ‘ಅವ್ರು’ ಕಿವಿಗೆ ಬಿದ್ದಾಗ ಬೇರೆ ಯಾರೋ ದೊಡ್ಡವರು ಮನೆಗೆ ಬಂದಿದ್ದಾರೆಂದು ಎದ್ದು ಸೆರಗು ಸರಿಮಾಡಿಕೊಂಡೆ.

ಕೋಣೆಯಲ್ಲಿ ಫ್ಯಾನಿತ್ತು. ಕಿಟಕಿಯಿಂದ ಎದುರು ಮನೆಯವರ ಎಮ್ಮೆ ಕಾಣುತ್ತಿತ್ತು. ಎಮ್ಮೆ ನನ್ನನ್ನು ನೋಡುತ್ತಿತ್ತು, ನಾನು ಎಮ್ಮೆಯನ್ನು. ಇಬ್ಬರಿಗೂ ಏನೂ ಹೊಳೆಯುತ್ತಿರಲಿಲ್ಲ. ಮೆಲುಕು ಹಾಕಲು ಅದಕ್ಕಾದರೂ ಏನೋ ಇತ್ತು. ಎಷ್ಟೋ ದಿನ ಕುಳಿತು ಕೊನೆಗೆ ಒಂದು ಕಾಗೆಯನ್ನು ಬರೆದೆ. ಅದು ಬೆಳಿಗ್ಗೆ ಬೇಗ ಏಳುತ್ತಿತ್ತು, ಮುಖ ತೊಳೆಯುತ್ತಿತ್ತು, ಹಿರಿಯರಿಗೆ ನಮಸ್ಕಾರ ಮಾಡುತ್ತಿತ್ತು. ಓದಿ ನೋಡಿದೆ. ನನಗೇ ಆ ಕಾಗೆಗೆ ಕಲ್ಲು ಹೊಡೆಯಬೇಕೆನಿಸಿತು. ಕಥೆ ಬಾರದ ಹೊತ್ತನ್ನೆಲ್ಲ ಪೂಜೆಗೆ ಕೊಟ್ಟೆ. ಪೂಜೆ ಉದ್ದವಾಯಿತು. ಶಿವನಿಗೂ ಸಾಕಾಗಿರಬೇಕು, ಪಾಪ. ಅವನಿಗೆ ಎದ್ದು ಹೋಗುವ ಹಾಗಿಲ್ಲ.

ಹಿರೇಕೆರೂರಿನ ಪ್ರಕಾಶಕರು ಫೋನು ಮಾಡುತ್ತಿದ್ದರು. ಹೊಸ ಪುಸ್ತಕಕ್ಕೆ ಒಂದೇ ಒಂದು ಕಥೆ ಬಾಕಿಯಿತ್ತು. ಫೋನು ಎತ್ತುವವರು ಯಜಮಾನರೇ. ‘ನೀವೇನ ಚಿಂತಿ ಮಾಡಬ್ಯಾಡ್ರಿ. ಖೋಲಿ ಕೊಟ್ಟೇನಿ, ಗಾಳಿ ಐತಿ, ಬೆಳಕ ಐತಿ. ಕೊಡ್ತಾರ.’ ಹೊಸದಾಗಿ ತಂದ ಆಕಳಿನ ಬಗ್ಗೆಯೂ ಅವರು ಇದೇ ದನಿಯಲ್ಲಿ ಮಾತನಾಡುತ್ತಾರೆ.

ಗಾಳಿ ಬೆಳಕಿಗೂ ಕಥೆ ಇಳಿಯದಿದ್ದಾಗ ಅವರಿಗೆ ನವಿಲಿನ ನೆನಪಾಯಿತು. ‘ಬಂಕಾಪುರಕ್ಕ ಹೋಗೂಣು ನಡಿ. ಕ್ವಾಟ್ಯಾಗ ನವಿಲ ಅದಾವ. ನವಿಲ ನೋಡಿದ್ರ ಯಾರಿಗರ ಕಥಿ ಬರ್ತೈತಿ.’ ಮೊಮ್ಮಗಳು ಚಪ್ಪಲಿ ಹಾಕಿಕೊಂಡು ಕಾರಿನ ಹತ್ತಿರ ನಿಂತಳು. ಅವಳನ್ನು ಇಳಿಸಿದರು. ‘ನೀ ಬ್ಯಾಡವಾ, ಅಮ್ಮಗ ವಿಚಾರ ಮಾಡೂದೈತಿ.’ ಇಬ್ಬರೇ ಹೋದೆವು. ಕೋಟೆಯ ಮುಳ್ಳುಕಂಟಿಗಳ ನಡುವೆ ನವಿಲೊಂದು ನಮಗೆ ಬೆನ್ನು ಕೊಟ್ಟು ನಿಂತಿತ್ತು. ಅಷ್ಟರಲ್ಲಿ ಯಾವುದೋ ಶಾಲೆಯ ಮಕ್ಕಳು ಪ್ರವಾಸಕ್ಕೆ ಬಂದವರು ಹೋ ಎಂದು ಕೂಗುತ್ತ ಒಳಗೆ ನುಗ್ಗಿದರು. ನನ್ನ ಜೀವಕ್ಕೆ ತಂಪಾಯಿತು. ಯಜಮಾನರು ಎರಡೂ ಕೈ ಅಡ್ಡ ಹಿಡಿದು ನಿಂತರು: ‘ಏ, ಸುಮ್ನಿರ್ರಿ ಹುಡುಗ್ರಾ! ಮಕ್ಕಳ ಸಾಹಿತಿಗಳು ಬಂದಾರ, ಗದ್ದಲಾ ಮಾಡಬ್ಯಾಡ್ರಿ!’ ಮಕ್ಕಳೂ ಹೋದವು, ನವಿಲೂ ಹೋಯಿತು. ನಾವು ಶೇಂಗಾ ತಿಂದು ಮನೆಗೆ ಬಂದೆವು.

ಆ ದಿನ ಸಂಜೆಯೇ ಇರಬೇಕು, ಮೊಮ್ಮಗಳು ಕೋಣೆಯ ಮುಂದೆ ಹಾದುಹೋಗುತ್ತಿದ್ದಳು. ಕರೆದೆ.

‘ಬಾರವಾ ಒಳಗ. ಕಥಿ ಹೇಳ್ತೇನಿ.’

ಹೊಸ್ತಿಲಿನಾಚೆಯೇ ನಿಂತಳು. ‘ಬ್ಯಾಡ್ರಿ ಅಮ್ಮ. ನೀವು ಬರೀರಿ. ಅಜ್ಜ ಬೈತಾನ.’

ಅಜ್ಜನಿಗೆ ಏಕವಚನ ಉಳಿದಿತ್ತು. ನನಗೆ ಬಹುವಚನ ಬಂದುಬಿಟ್ಟಿತ್ತು. ನಾನು ಬಿಡಲಿಲ್ಲ, ಕುರ್ಚಿಯ ಮೇಲಿಂದಲೇ ಆ ಸಭ್ಯ ಕಾಗೆಯ ಕಥೆ ಶುರುಮಾಡಿದೆ. ಅವಳು ಶಾಲೆಯಲ್ಲಿ ಪ್ರಾರ್ಥನೆಗೆ ನಿಂತವರ ಹಾಗೆ ಕೈಕಟ್ಟಿ ನಿಂತು ಪೂರ್ತಿ ಕೇಳಿದಳು. ಒಮ್ಮೆಯೂ ಜಗಳಾಡಲಿಲ್ಲ. ಮುಗಿದ ಮೇಲೆ, ‘ಛಲೋ ಐತ್ರಿ’ ಎಂದು ಹೇಳಿ ಓಡಿದಳು.

ಛಲೋ ಐತ್ರಿ ಎನ್ನುವುದು ಬೀಗರು ಊಟ ಮುಗಿಸಿ ಎದ್ದಾಗ ಹೇಳುವ ಮಾತು.

ಅವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು. ಪುಸ್ತಕಕ್ಕೆ ಒಂದು ಕಥೆ ಕಡಿಮೆ ಬಿದ್ದರೆ ಬೀಳಲಿ, ಕನ್ನಡ ನಾಡು ತಡೆದುಕೊಳ್ಳುತ್ತದೆ. ಈ ಹುಡುಗಿ ಹೀಗೆ ಒಂದು ಸಲ ದೂರ ಸರಿದರೆ ಮತ್ತೆ ಬರುವುದಿಲ್ಲ. ಅವಳ ಅಪ್ಪನೂ, ಅಂದರೆ ನನ್ನ ಮಗನೂ, ಒಂದು ಬೇಸಿಗೆಯಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಕಥೆ ಕೇಳಿದ್ದವನು, ಮುಂದಿನ ಬೇಸಿಗೆಗೆ ಅಂಗಡಿಯ ತಕ್ಕಡಿಯ ಮುಂದೆ ಕುಳಿತಿದ್ದ. ಯಾವ ದಿನ ಎದ್ದು ಹೋದ ಎಂದು ನನಗೆ ಗೊತ್ತೇ ಆಗಲಿಲ್ಲ. ಈ ಸಲ ಗೊತ್ತಾಗುತ್ತಿತ್ತು. ಕಣ್ಣೆದುರೇ ಹೋಗುತ್ತಿದ್ದಳು, ಅದೂ ನನ್ನ ಗೌರವಾರ್ಥವಾಗಿ.

ಯಜಮಾನರಿಗೆ ಹೇಳಿಯೂ ನೋಡಿದೆ. ‘ನನಗ ಖೋಲಿ ಬ್ಯಾಡ್ರಿ.’

‘ಯಾಕ, ಟೇಬಲ್ ಸಣ್ಣದಾತೇನು?’

‘ಟೇಬಲ್ ಭೇಷ್ ಐತ್ರಿ.’

‘ಮತ್ತ? ಎಮ್ಮಿ ವದರ್ತೈತೇನು? ಅವರಿಗೆ ಹೇಳ್ತೇನಿ, ಆ ಕಡಿ ಕಟ್ಟಲಿ.’

ಹೀಗೆಂದು ಹೆಗಲ ಮೇಲಿನ ಟವೆಲಿನಿಂದ ಟೇಬಲಿನ ಧೂಳು ಒರೆಸತೊಡಗಿದರು. ಉಂಡ ತಾಟನ್ನು ಎಂದೂ ಎತ್ತಿಡದ ಮನುಷ್ಯ. ದಿನವೂ ನಾನು ಪೂಜೆಗೆ ಕೂತಾಗ ಬಂದು ಆ ಟೇಬಲನ್ನು ಒರೆಸಿ ಹೋಗುತ್ತಾರೆಂದು ಆಮೇಲೆ ಸೊಸೆ ಹೇಳಿದಳು. ಇಂಥವರಿಗೆ ನಿಮ್ಮ ಕೋಣೆ ನನಗೆ ಮುಳುವಾಗಿದೆ ಎಂದು ಯಾವ ಬಾಯಿಂದ ಹೇಳುವುದು? ಸಿಟ್ಟು ಮಾಡುವ ಗಂಡನಿಂದ ತಪ್ಪಿಸಿಕೊಳ್ಳುವ ಉಪಾಯ ನಮ್ಮ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಉಪಕಾರ ಮಾಡುವ ಗಂಡನಿಂದ ತಪ್ಪಿಸಿಕೊಳ್ಳುವುದನ್ನು ಯಾರೂ ಕಲಿಸಿರಲಿಲ್ಲ.

ಶೀಗಿ ಹುಣ್ಣಿಮೆ ಬಂದು ನನ್ನನ್ನು ಉಳಿಸಿತು. ಹೊಲದಲ್ಲಿ ಬೆಳೆ ತುಂಬಿ ನಿಂತ ಆ ಹೊತ್ತಿಗೆ ಭೂಮಿತಾಯಿ ಬಸುರಿ ಎಂದು ನಂಬಿ, ಮನೆಯಲ್ಲಿ ಬಗೆಬಗೆಯ ಅಡುಗೆ ಮಾಡಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಸುತ್ತ ಚರಗ ಚೆಲ್ಲುತ್ತೇವೆ. ಅಂದರೆ ಮೊದಲ ತುತ್ತು ಮಣ್ಣಿಗೆ, ಆಮೇಲೆ ನಮಗೆ. ಹಿರೇಬೆಂಡಿಗೇರಿಯ ಹತ್ತಿರ ನಮ್ಮದೊಂದು ಹೊಲವಿದೆ. ಬರುವವರು, ಹೋಗುವವರು, ಪಕ್ಕದ ಹೊಲದವರು ಎಂದು ಒಣಗಿಸಿದ ಕಟಿರೊಟ್ಟಿ ಬುಟ್ಟಿಗಟ್ಟಲೆ ಬೇಕು. ಹುಣ್ಣಿಮೆಗೆ ಮೊದಲೇ ಬಡಿಯಲು ಕೂರಬೇಕು.

ಊಟಕ್ಕೆ ಕುಳಿತಾಗ ಸೊಸೆ ಕೇಳಿದಳು, ‘ಅತ್ತಿ, ಈ ಸಲ ಚರಗದ ರೊಟ್ಟಿನೂ ರೊಟ್ಟಿ ಮಾರೂವ್ರ ಮನ್ಯಾಗ ಹೇಳಿಬಿಡ್ಲೇನ್ರಿ?’

‘ಹೇಳವಾ’ ಎಂದರು ಯಜಮಾನರು. ‘ಅವ್ರೇನ ಬಡಿಯೂದು ಬ್ಯಾಡ.’

ನಾನು ನಿಧಾನವಾಗಿ ಹೇಳಿದೆ. ‘ಅದು ಭೂಮಿತಾಯಿಗೆ ಬಯಕಿ ಊಟಾರಿ. ಬಸುರಿ ಹೆಣ್ಮಗಳನ್ನ ಕರದು ಕೊಂಡ ತಂದ ರೊಟ್ಟಿ ಉಣಿಸಿದ್ರ ಅಕಿ ಏನ ಅಂದಾಳು?’

ಯಜಮಾನರ ಕೈ ತಾಟಿನಲ್ಲಿ ನಿಂತಿತು.

‘ಬೀಗರೂ ಬರ್ತಾರಂತ ಈ ಸಲ’ ಎಂದೆ.

‘ಹಂಗಾರ ಬಡೀರಿ’ ಎಂದರು. ಬಹುವಚನವನ್ನು ಮಾತ್ರ ಬಿಡಲಿಲ್ಲ. ದೇವರ ಹೆಸರನ್ನು ಹೀಗೆ ಉಪಯೋಗಿಸಿಕೊಳ್ಳುವುದು ನನ್ನ ಸ್ವಭಾವವಲ್ಲ. ಆದರೆ ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲವಾದ್ದರಿಂದ ಶಿವ ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಾರ.

ಮರುದಿನ ಪೂಜೆ ಬೇಗ ಮುಗಿಯಿತು. ಅತ್ತೆ ಸೊಸೆ ಇಬ್ಬರೂ ಒಲೆಯ ಮುಂದೆ ಕುಳಿತೆವು. ಸೊಸೆಗೂ ಒಂದು ಹಲಗೆ ಕೊಟ್ಟೆ. ಅವಳು ಬಡಿದ ಮೊದಲ ರೊಟ್ಟಿ ಒಂದು ಕಡೆ ಉದ್ದ, ಒಂದು ಕಡೆ ಮೊಂಡ, ನಡುವೆ ಒಂದು ದೊಡ್ಡ ತೂತು.

‘ಇದೇನವಾ, ನಿಮ್ಮ ಹಾನಗಲ್ಲ ತಾಲೂಕಿನ ನಕಾಶಿ ಬರದೀ.’

‘ಹೌದ್ರಿ ಅತ್ತಿ. ನಡುವ ಕೆರಿನೂ ಬಂದೈತಿ ನೋಡ್ರಿ.’

‘ಅನ್ನಾ ಉಂಡು ಉಂಡು ನಿಮ್ಮ ಮಂದಿ ಕೈ ಮೆತ್ತಗಾಗ್ಯಾವ.’

‘ಕೈ ಮೆತ್ತಗ ಅದಾವಂತನ ನೋಡಿ ತಂದ್ರಲ್ಲರಿ ನೀವು!’

ಇಬ್ಬರೂ ನಕ್ಕೆವು. ನಗುವ ಸದ್ದಿಗೋ ಬಡಿಯುವ ಸದ್ದಿಗೋ, ಬಾಗಿಲಲ್ಲಿ ಹುಡುಗಿ ಬಂದು ನಿಂತಿದ್ದಳು. ನಾನು ಕರೆಯಲಿಲ್ಲ. ಮೂಲೆಯಲ್ಲಿ ಮಲಗಿದ ಬೆಕ್ಕನ್ನು ಕರೆದರೆ ಬರುವುದಿಲ್ಲ, ನೋಡದಂತೆ ಇದ್ದರೆ ಬರುತ್ತದೆ. ನಿಂಬೆಹಣ್ಣಿನಷ್ಟು ಹಿಟ್ಟು ಮುರಿದು ಪಕ್ಕಕ್ಕೆ ಇಟ್ಟು ನನ್ನ ಕೆಲಸ ನಾನು ಮಾಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಹಿಟ್ಟಿನ ಹತ್ತಿರ ಒಂದು ಕೈ ಬಂತು.

ನಾನು ತಲೆ ಎತ್ತದೆ, ‘ಒಂದ ಊರಾಗ ಒಂದು ನವಿಲಿತ್ತು’ ಎಂದು ಶುರುಮಾಡಿದೆ.

‘ಅದು ಬ್ಯಾಡ’ ಎಂದಳು.

ಬಡಿಯುವ ಕೈ ನಿಂತಿತು.

‘ನಾ ಹೇಳ್ತೇನಿ. ನೀ ಸುಮ್ನ ಬಡಿ. ಒಬ್ಬಾಕಿ ಮುದುಕಿ ಇದ್ಲು. ಅಕಿ ಹೇಳೂ ಸುಳ್ಳ ಎಲ್ಲಾರಿಗೂ ಸೇರ್ತಿದ್ವು. ಒಂದಿನಾ ಆ ಊರಿನ ರಾಜಾ ಅಂದ, ಇಂಥಾ ಕಿಮ್ಮತ್ತಿನ ಸುಳ್ಳನ್ನ ಮಂದಿ ಪುಕ್ಕಟ ಕೇಳಾಕತ್ತಾರ, ಅಕಿನ್ನ ಜ್ವಾಳದ ಖೋಲ್ಯಾಗ ಇಟ್ಟು ಬಾಗಲಾ ಹಾಕ್ರಿ ಅಂತ.’

ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹುಡುಗಿ ತನ್ನ ಪಾಡಿಗೆ ಹಿಟ್ಟು ತಟ್ಟುತ್ತ ಮುಂದುವರಿಸಿದಳು. ಮುದುಕಿ ಖೋಲಿಯೊಳಗೆ ಒಬ್ಬಳೇ ಅತ್ತಳಂತೆ. ಆಗ ಇಲಿಗಳು ಬಂದವಂತೆ. ಬಾಯಿ ಸುಮ್ಮನಿರಲಾರದೆ ಮುದುಕಿ ಇಲಿಗಳಿಗೆ ಕಥೆ ಹೇಳತೊಡಗಿದಳಂತೆ. ಕೇಳಿ ಕೇಳಿ ಇಲಿಗಳು ಜೋಳ ತಿನ್ನುವುದನ್ನೇ ಮರೆತವಂತೆ.

‘ರಾಜಾಗ ಖುಷಿ ಆತು, ಜ್ವಾಳಾ ಉಳೀತು ಅಂತ. ಆ ರಾಜಾಗ ಸಕ್ಕರಿ ಬ್ಯಾನಿ ಇತ್ತು. ಯಾರೂ ಇಲ್ಲದಾಗ ಡಬ್ಬಿ ತಗದು ಬೆಲ್ಲಾ ತಿಂತಿದ್ದ.’

ಹಿಂದೆ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ಯಜಮಾನರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾರೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅಡುಗೆಮನೆಯ ಹೊಸ್ತಿಲ ತನಕ ಅವರು ಬಂದದ್ದು ನನಗೆ ನೆನಪಿಲ್ಲ. ಬೆಲ್ಲದ ಡಬ್ಬಿಗೆ ಬರುವುದನ್ನು ಬಿಟ್ಟರೆ.

‘ಯಾರವಾ ಆ ರಾಜಾ?’

ಹುಡುಗಿ ತಲೆ ಎತ್ತಲಿಲ್ಲ. ‘ಯಾರೂ ಅಲ್ಲ ಅಜ್ಜಾ. ಕಥ್ಯಾಗಿನಾಂವ.’

ಬರೆಯುವವರೆಲ್ಲ ಹೇಳುವ ಉತ್ತರ. ನಾನು ಕಲಿಸಿದ್ದಲ್ಲ.

‘ಅಂವಾ ಕೆಟ್ಟಾಂವೇನು?’

‘ಕೆಟ್ಟಾಂವಲ್ಲ. ಶಾಣ್ಯಾ ಅದೇನಿ ಅಂತ ತಿಳಕೊಂಡಿದ್ದ.’

‘ಇದನ್ನ ಯಾರಿಗೂ ಹೇಳಿಲ್ಲ ಹೌದಿಲ್ಲೋ?’

ಅದಕ್ಕೆ ಸೊಸೆ ಉತ್ತರ ಕೊಟ್ಟಳು. ‘ಓಣಿಗೆಲ್ಲಾ ಗೊತ್ತೈತ್ರಿ ಮಾವಾರ. ಮುಂದ ಗದ್ದಲಾ ಮಾಡಬಾರದಂತ ಬೋರ್ಡ್ ಹಾಕೀರಲ್ಲ, ಹುಡುಗ್ರನ್ನೆಲ್ಲಾ ಹಿತ್ತಲದಾಗ ದನದ ಕೊಟ್ಟಿಗ್ಯಾಗ ಕೂಡಿಸ್ಕೊಂಡು ದಿನಾ ಹೇಳ್ತಾಳ್ರಿ. ಅತ್ತಿಗೆ ತ್ರಾಸ ಆಗಬಾರದಂತ ಪಿಸಿಪಿಸಿ ಹೇಳ್ತಾಳ.’

ಆಗ ಒಂದು ಮಾತು ನನಗೆ ತಿಳಿಯಿತು. ನಾನು ಎಮ್ಮೆಯನ್ನು ನೋಡುತ್ತ ಕೂತಿದ್ದಾಗ, ಗೋಡೆಯಾಚೆಗೆ ಇಡೀ ಓಣಿಯ ಮಕ್ಕಳು ಉಸಿರು ಬಿಗಿಹಿಡಿದು ಕಥೆ ಕೇಳುತ್ತಿದ್ದವು. ಮನೆಯಲ್ಲಿ ಸಾಹಿತ್ಯ ಸೃಷ್ಟಿಯಾಗುತ್ತಲೇ ಇತ್ತು. ಯಜಮಾನರು ಮೌನವನ್ನು ಒದಗಿಸಿದ್ದೂ ಸುಳ್ಳಾಗಲಿಲ್ಲ. ವಿಳಾಸ ಮಾತ್ರ ತಪ್ಪಿತ್ತು.

‘ಮುಂದ?’ ಎಂದೆ. ಬೇಕೆಂದು ಕೇಳಿದ್ದಲ್ಲ, ಬಾಯಿಂದ ಬಂತು. ಆ ಇಲಿಗಳ ಗತಿ ಏನಾಯಿತೆಂದು ನನಗೆ ತಿಳಿಯಲೇಬೇಕಿತ್ತು.

ಹುಡುಗಿ ತನ್ನ ರೊಟ್ಟಿಯನ್ನು ಹಂಚಿನ ಅಂಚಿಗೆ ಹಾಕಿ ಎದ್ದಳು. ‘ಉಳದಿದ್ದು ನಾಳಿಗೆ. ಹಿತ್ತಲದಾಗ ಎಲ್ಲಾರೂ ಕಾಯಾಕತ್ತಾರ.’

ಹೋದಳು. ಅಜ್ಜ ಅಲ್ಲಿಯೇ ನಿಂತಿದ್ದರು. ‘ನಾಳಿಗೆ ಬರ್ತಾಳೇನು?’ ಎಂದು ನನ್ನನ್ನು ಕೇಳಿದರು. ಅಷ್ಟು ದಿನ ನಾನು ನನ್ನನ್ನೇ ಕೇಳಿಕೊಂಡಿದ್ದ ಪ್ರಶ್ನೆ ಅದು. ರೊಟ್ಟಿ ಇನ್ನೂ ಬಹಳ ಬಾಕಿ ಇತ್ತು, ಬರ್ತಾಳ್ರಿ ಎಂದೆ.

ಬಂದಳು. ಹುಣ್ಣಿಮೆಯ ತನಕವೂ ಬಂದಳು. ಚರಗ ಚೆಲ್ಲಿ, ಬೀಗರೂ ಉಂಡು, ಛಲೋ ಐತ್ರಿ ಎಂದು ಹೇಳಿ ಹೋದ ಮೇಲೂ ಬಂದಳು. ಯಾಕೆಂದರೆ ಮನೆಯ ರೊಟ್ಟಿ ತಿಂದ ನಾಲಿಗೆಗೆ ಹೊರಗಿನ ರೊಟ್ಟಿ ಸಪ್ಪೆ ಎಂದು ಯಜಮಾನರೇ ತೀರ್ಮಾನಿಸಿದರು. ಸೊಸೆಗೂ ಹಾನಗಲ್ಲಿನ ನಕಾಶೆ ಬಿಟ್ಟು ಶಿಗ್ಗಾಂವಿಯದು ಕಲಿಯುವ ಹಟ ಬಂದಿತ್ತು. ಒಲೆಯ ಮುಂದೆ ಈಗ ಎರಡು ಹಲಗೆ. ಅಡುಗೆಮನೆ ಅವಳದೇ, ನಾನು ರೊಟ್ಟಿಗಷ್ಟೇ ಬಾಡಿಗೆದಾರಳು. ಅವಳು ಒಳ್ಳೆಯವಳು, ಜಾಗ ಖಾಲಿ ಮಾಡು ಎನ್ನುವುದಿಲ್ಲ.

ಆ ಕಥೆಯನ್ನು ಪುಸ್ತಕಕ್ಕೆ ಕೊಡುತ್ತೀಯಾ ಎಂದು ಹುಡುಗಿಯನ್ನು ಒಮ್ಮೆ ಕೇಳಿದೆ. ನಿನ್ನ ಹೆಸರನ್ನೇ ಹಾಕಿಸುತ್ತೇನೆ ಎಂದೂ ಹೇಳಿದೆ.

‘ಬ್ಯಾಡ. ಅದು ಇನ್ನಾ ಮುಗದಿಲ್ಲ.’

‘ಯಾವಾಗ ಮುಗೀತೈತಿ?’

‘ನನಗೇನ ಗೊತ್ತು?’

ಪ್ರಕಾಶಕರಿಗೆ ಒಂದು ಕಥೆ ಕಡಿಮೆಯೆಂದು ನಾನೇ ಫೋನು ಮಾಡಿ ತಿಳಿಸಿದೆ. ಪುಸ್ತಕ ಹಾಗೆಯೇ ಬಂತು. ಕಡಿಮೆಯಿದೆ ಎಂದು ಯಾರೂ ದೂರಲಿಲ್ಲ. ಕಡಿಮೆಯಿದ್ದದ್ದಕ್ಕೇ ಛಲೋ ಆಯಿತು ಎಂದೂ ಯಾರೂ ಹೇಳಲಿಲ್ಲವಲ್ಲ, ಅದು ಶಿವನ ದಯೆ.

ಈಗ ಬೆಳಗಿನ ಹೊತ್ತು ನಮ್ಮ ಅಡುಗೆಮನೆಯಲ್ಲಿ ಜಾಗವಿಲ್ಲ. ನಾನು ಮತ್ತು ಸೊಸೆ ಒಲೆಯ ಮುಂದೆ, ಹುಡುಗಿ ನಡುವೆ, ಅಜ್ಜ ತಾಟು ಹಿಡಿದುಕೊಂಡು ಹೊಸ್ತಿಲ ಮೇಲೆ. ಇಷ್ಟು ವರುಷ ನಾನು ಬರೆದ ಒಂದು ಸಾಲನ್ನೂ ಓದದ ಮನುಷ್ಯ, ಅಂಗಡಿಗೆ ಹೊತ್ತಾದರೂ ಏಳುವುದಿಲ್ಲ. ಅವರ ಚಿಂತೆಯೇ ಬೇರೆ. ಖೋಲಿಯಿಂದ ತಪ್ಪಿಸಿಕೊಂಡು ಹೋದ ಮುದುಕಿಯನ್ನು ಹುಡುಕುತ್ತ ಹೊರಟ ರಾಜ ದಾರಿ ತಪ್ಪಿ ಅಡವಿಯಲ್ಲಿದ್ದಾನೆ, ಹುಡುಗಿ ಅವನನ್ನು ಅಲ್ಲಿಗೆ ಕಳಿಸಿ ಎಷ್ಟೋ ದಿನವಾಯಿತು.

‘ರಾಜಾಗ ಉಣ್ಣಾಕರ ಏನರ ಸಿಕ್ಕಿತೇನವಾ?’

‘ಇಲ್ಲ ಅಜ್ಜಾ.’

‘ಒಂದ ಹಣ್ಣಿನ ಗಿಡಾನರ ಹಚ್ಚ ಅಲ್ಲೆ. ಅಡವ್ಯಾಗ ಗಿಡಾ ಇರೂದಿಲ್ಲೇನು?’

‘ನೋಡೂಣು.’

ನಾನು ಹಂಚಿನ ಮೇಲಿನ ರೊಟ್ಟಿ ತೆಗೆದು ಅವರ ತಾಟಿಗೆ ಹಾಕಿದೆ. ರಾಜನ ಊಟದ ಮಾತು ಇತ್ಯರ್ಥವಾಗುವ ತನಕ ಇವರಾದರೂ ಉಣ್ಣಲಿ.